ನೂರು ತಿಂಗಳ ಬಾಡಿಗೆ ಕಟ್ಟಿದರೆ ಮನೆ ನಿಮ್ಮದೇ? ಮುಂಬೈ ಚಾಳು, ಬೆಂಗಳೂರು ಬಸ್ಸು ಮತ್ತು 32 ವರ್ಷದ ಒಂದು ಕೇಸು

ಇವತ್ತಿನ ಕಂತು ಶುರು ಮಾಡೋ ಮೊದಲು ಒಂದು ಸಣ್ಣ ಲೆಕ್ಕ. ಬಾಡಿಗೆ ಮನೆಯಲ್ಲಿ ಇದ್ದೀರಾ? ಹಾಗಾದ್ರೆ ನಿಮ್ಮ ತಿಂಗಳ ಬಾಡಿಗೆಯನ್ನ ನೂರರಿಂದ ಗುಣಿಸಿ. 15 ಸಾವಿರ ಬಾಡಿಗೆ ಅಂದ್ರೆ 15 ಲಕ್ಷ. ಅಷ್ಟು ದುಡ್ಡು ಕೊಟ್ಟರೆ ನೀವು ಇರೋ ಮನೆ ನಿಮ್ಮದಾಗುತ್ತೆ, ಓನರ್ ಒಪ್ಪದೇ ಇದ್ರೂ ಆಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಏನಂತೀರಿ? ತಮಾಷೆ ಅಂತೀರಿ.

ತಮಾಷೆ ಅಲ್ಲ. ಹೆಚ್ಚುಕಮ್ಮಿ ಹೀಗೇ ಹೇಳುವ ಒಂದು ಕಾನೂನನ್ನ 1986ರಲ್ಲಿ ಮಹಾರಾಷ್ಟ್ರ ಸರ್ಕಾರ ತಂದಿತು. ಅದು ಮುಂಬೈನ ಹಳೇ ಕಟ್ಟಡಗಳಿಗೆ ಮಾತ್ರ. ಮಾಲೀಕರು ಕೋರ್ಟಿಗೆ ಹೋದರು. ಆ ಕೇಸು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದು 1992ರಲ್ಲಿ. ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದರ ಮುಖ್ಯ ಪ್ರಶ್ನೆಗೆ ಉತ್ತರ ಕೊಟ್ಟಿದ್ದು 2024ರ ನವೆಂಬರ್ 5ರಂದು. ಅಂದ್ರೆ, ಈ ಕಂತು ಕೇಳುತ್ತಿರುವ ಬಹಳಷ್ಟು ಜನರ ವಯಸ್ಸಿಗಿಂತ ಈ ಕೇಸಿನ ವಯಸ್ಸೇ ಜಾಸ್ತಿ. ಇನ್ನೂ ಒಂದು ವಿಷಯ. ಮುಂಬೈನ ಈ ಜಗಳದ ಒಳಗೆ ಕರ್ನಾಟಕದ ಖಾಸಗಿ ಬಸ್ಸುಗಳಿವೆ, ಕಾಸರಗೋಡಿನ ಒಂದು ಕನ್ನಡ ಮಠ ಇದೆ. ಹೇಗೆ ಅಂತ ಹೇಳ್ತೀನಿ.

ಗಿರಗಾಂವ್‌ನ ಒಂದು ರೂಮು

ಈ ವಿಷಯ ನನಗೆ ಪುಸ್ತಕದಿಂದ ಸಿಕ್ಕಿದ್ದಲ್ಲ. ನಮ್ಮ ದೊಡ್ಡಪ್ಪ ಕುಂದಾಪುರದ ಕಡೆಯಿಂದ ಮುಂಬೈಗೆ ಹೋಟೆಲ್ ಕೆಲಸಕ್ಕೆ ಹೋದವರು. ಗಿರಗಾಂವ್‌ನ ಒಂದು ಚಾಳಿನಲ್ಲಿ ಅವರದೊಂದು ರೂಮು. ಮರದ ಮೆಟ್ಟಿಲು, ಉದ್ದ ಮೊಗಸಾಲೆ, ಕೊನೆಯಲ್ಲಿ ಎಲ್ಲರಿಗೂ ಸೇರಿ ಕಕ್ಕಸು. ಬೇಸಿಗೆ ರಜೆಗೆ ಹೋದಾಗ ನಾವು ಮಕ್ಕಳೆಲ್ಲ ಮೊಗಸಾಲೆಯಲ್ಲೇ ಮಲಗ್ತಿದ್ವಿ.

ಒಂದು ಸಲ ದೊಡ್ಡಪ್ಪ ಬಿಸ್ಕೀಟಿನ ತಗಡಿನ ಡಬ್ಬಿ ತೆಗೆದು ಬಾಡಿಗೆ ರಸೀದಿಗಳನ್ನ ತೋರಿಸಿದರು. ಅದರಲ್ಲಿ ಬರೆದಿದ್ದ ಮೊತ್ತಕ್ಕೆ ಆಗ ಮುಂಬೈಯಲ್ಲಿ ಒಂದು ಊಟವೂ ಬರ್ತಿರಲಿಲ್ಲ. ನಾನು ಕೇಳಿದೆ, "ದೊಡ್ಡಪ್ಪ, ಇದು ನಮ್ಮ ಮನೆಯಾ?" ಅವರು ನಕ್ಕರು. "ನಮ್ದೇ ಮಾರಾಯ. ಆದ್ರೆ ನಮ್ದಲ್ಲ."

ಆ ಮಾತಿನ ಅರ್ಥ ತಿಳಿಯೋಕೆ ನಾವು ಎರಡು ಮಹಾಯುದ್ಧಗಳಷ್ಟು ಹಿಂದೆ ಹೋಗಬೇಕು.

ನಿಂತುಹೋದ ಬಾಡಿಗೆ

ಮೊದಲ ಮಹಾಯುದ್ಧದ ಹೊತ್ತಿಗೆ ಮುಂಬೈ ಗಿರಣಿಗಳಿಂದ ತುಂಬಿದ ಊರು. ಕೆಲಸಕ್ಕೆ ಜನ ಬರ್ತಾನೇ ಇದ್ದರು, ಮನೆಗಳು ಸಾಲುತ್ತಿರಲಿಲ್ಲ, ಬಾಡಿಗೆ ಏರ್ತಾ ಇತ್ತು. 1918ರಲ್ಲೇ ಬ್ರಿಟಿಷ್ ಸರ್ಕಾರ ಅಲ್ಲಿ ಬಾಡಿಗೆಗೆ ಕಡಿವಾಣ ಹಾಕುವ ಯುದ್ಧಕಾಲದ ಕಾನೂನು ಮಾಡಿತು. ಎರಡನೇ ಮಹಾಯುದ್ಧ ಬಂದಾಗ ಮತ್ತೆ ಅದೇ ಕಥೆ. ಆಮೇಲೆ ದೇಶ ವಿಭಜನೆ, ನಿರಾಶ್ರಿತರ ದಂಡು. 1947ರಲ್ಲಿ ಬಾಂಬೆ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು.

ಕಾಯ್ದೆ ಹೇಳಿದ್ದು ಇಷ್ಟು. 1940ರ ಸೆಪ್ಟೆಂಬರ್ 1ರಂದು ಯಾವ ಬಾಡಿಗೆ ಇತ್ತೋ ಅದೇ ಪ್ರಮಾಣಿತ ಬಾಡಿಗೆ. ತೆರಿಗೆ ಏರಿಕೆಯಂಥ ಕೆಲವು ಕಾರಣ ಬಿಟ್ಟರೆ ಮಾಲೀಕ ಅದನ್ನ ಹೆಚ್ಚಿಸೋ ಹಾಗಿಲ್ಲ. ಬಾಡಿಗೆ ಸರಿಯಾಗಿ ಕಟ್ಟುತ್ತಿರುವ ಬಾಡಿಗೆದಾರನನ್ನ ಸುಮ್ಮಸುಮ್ಮನೆ ಹೊರಗೆ ಹಾಕೋ ಹಾಗಿಲ್ಲ. ಬಾಡಿಗೆದಾರ ತೀರಿಕೊಂಡರೆ ಜೊತೆಯಲ್ಲಿದ್ದ ಮನೆಯವರಿಗೆ ಆ ಹಕ್ಕು ಮುಂದುವರಿಯುತ್ತೆ.

ಇದು ತಾತ್ಕಾಲಿಕ ಕಾನೂನು ಅಂತಲೇ ಮಾಡಿದ್ದು. ಆದರೆ ಅವಧಿ ಮುಗಿದಾಗಲೆಲ್ಲ ಮುಂದಕ್ಕೆ ಹಾಕುತ್ತಾ ಹಾಕುತ್ತಾ ಐವತ್ತು ವರ್ಷ ಕಳೆಯಿತು. ಅಕ್ಕಿ ಬೆಲೆ ಏರಿತು, ಸಂಬಳ ಏರಿತು, ಜಮೀನಿನ ಬೆಲೆ ಆಕಾಶಕ್ಕೆ ಹೋಯಿತು. ಹಳೇ ಚಾಳುಗಳ ಬಾಡಿಗೆ ಮಾತ್ರ 1940ರಲ್ಲೇ ಕೂತಿತ್ತು.

ಬಾಡಿಗೆ ಏರದಿದ್ದರೆ ದುಡ್ಡು ಬೇರೆ ದಾರಿ ಹುಡುಕುತ್ತೆ. ಆ ದಾರಿಯ ಹೆಸರು ಪಗಡಿ. ಪಗಡಿ ಅಂದ್ರೆ ಪೇಟ, ರುಮಾಲು. ಮನೆಗೆ ಬರುವಾಗಲೇ ಬಾಡಿಗೆದಾರ ದೊಡ್ಡ ಮೊತ್ತ ಕೊಡ್ತಾನೆ. ಆಮೇಲೆ ತಿಂಗಳಿಗೆ ಚಿಲ್ಲರೆ ಬಾಡಿಗೆ. ಬಿಟ್ಟು ಹೋಗುವಾಗ ಆ ಹಕ್ಕನ್ನ ಇನ್ನೊಬ್ಬರಿಗೆ ಮಾರ್ತಾನೆ, ಬಂದ ದುಡ್ಡಿನಲ್ಲಿ ಮಾಲೀಕನಿಗೂ ಒಂದು ಪಾಲು. 1947ರ ಕಾಯ್ದೆ ಪ್ರಕಾರ ಹೀಗೆ ದುಡ್ಡು ತಗೊಳ್ಳೋದು ಅಪರಾಧ. ಆದರೆ ಇಡೀ ಊರೇ ಅದನ್ನ ಮಾಡ್ತಿತ್ತು. ಕಡೆಗೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯೇ ಪಗಡಿಗೆ ಒಪ್ಪಿಗೆ ಕೊಟ್ಟಿತು.

ಈಗ ದೊಡ್ಡಪ್ಪನ ಮಾತು ಅರ್ಥ ಆಯ್ತಲ್ವಾ? ಪಗಡಿ ಕೊಟ್ಟವನು ಅರ್ಧ ಮಾಲೀಕ. ಮಾರಬಹುದು, ಮಕ್ಕಳಿಗೆ ಬಿಡಬಹುದು. ಆದರೆ ಕಾಗದದಲ್ಲಿ ಅವನು ಬಾಡಿಗೆದಾರನೇ.

ಯಾರೂ ರಿಪೇರಿ ಮಾಡದ ಕಟ್ಟಡ

ಈ ಏರ್ಪಾಡಿನಲ್ಲಿ ಒಂದು ದೊಡ್ಡ ತೂತಿತ್ತು. ಕಟ್ಟಡ ರಿಪೇರಿ ಮಾಡೋರು ಯಾರು? ಮಾಲೀಕ ಹೇಳ್ತಾನೆ, ಈ ಬಾಡಿಗೆಯಲ್ಲಿ ಒಂದು ಮೂಟೆ ಸಿಮೆಂಟೂ ಬರಲ್ಲ. ಬಾಡಿಗೆದಾರ ಹೇಳ್ತಾನೆ, ಕಟ್ಟಡ ನಿನ್ನದು, ನಾನ್ಯಾಕೆ ಮಾಡಿಸಲಿ? ಇಬ್ಬರ ಜಗಳದ ನಡುವೆ ಮಳೆಗಾಲದಲ್ಲಿ ಗೋಡೆ ಕುಸಿಯುತ್ತಿತ್ತು.

1969ರಲ್ಲಿ ಸರ್ಕಾರ ಒಂದು ರಿಪೇರಿ ಮಂಡಳಿ ಮಾಡಿತು. ಹಳೇ ಕಟ್ಟಡಗಳಿಂದ ಸೆಸ್ ವಸೂಲಿ ಮಾಡಿ ಆ ದುಡ್ಡಲ್ಲಿ ಮಂಡಳಿಯೇ ರಿಪೇರಿ ಮಾಡಿಸಬೇಕು. ಆಗ ಲೆಕ್ಕಕ್ಕೆ ಸಿಕ್ಕ ಇಂಥ ಕಟ್ಟಡಗಳು 19,642. ಎಲ್ಲವೂ ದ್ವೀಪ ನಗರದಲ್ಲಿ, ಅಂದ್ರೆ ಕೊಲಾಬಾದಿಂದ ಮಾಹಿಂ, ಸಯನ್‌ವರೆಗಿನ ಹಳೇ ಮುಂಬೈಯಲ್ಲಿ. ಆ ಮಂಡಳಿಯ ಕೆಲಸ ಆಮೇಲೆ ಮ್ಹಾಡಾ ಅನ್ನೋ ವಸತಿ ಪ್ರಾಧಿಕಾರಕ್ಕೆ ಬಂತು. ಮುಂಬೈನ ನೆಂಟರ ಬಾಯಲ್ಲಿ ಈ ಹೆಸರು ನೀವು ಕೇಳಿರ್ತೀರಿ.

ರಿಪೇರಿಯಿಂದಲೂ ಕೆಲಸ ಆಗಲಿಲ್ಲ. ಆಗ 1986ರಲ್ಲಿ ಮ್ಹಾಡಾ ಕಾಯ್ದೆಗೆ 8-ಎ ಅನ್ನೋ ಹೊಸ ಅಧ್ಯಾಯ ಸೇರಿಸಿದರು. ನಾನು ಮೊದಲಿಗೆ ಹೇಳಿದ ನೂರು ತಿಂಗಳ ಲೆಕ್ಕ ಬರೋದು ಇಲ್ಲೇ. ಒಂದು ಕಟ್ಟಡದಲ್ಲಿ ವಾಸ ಇರುವವರು ಸೇರಿ ಸಹಕಾರ ಸಂಘ ಮಾಡಿಕೊಳ್ಳಬೇಕು. ಕನಿಷ್ಠ ಶೇ. 70ರಷ್ಟು ಜನ ಒಪ್ಪಿ ಅರ್ಜಿ ಹಾಕಬೇಕು. ಆಗ ಸರ್ಕಾರ ಕಟ್ಟಡವನ್ನೂ ಜಾಗವನ್ನೂ ಮಾಲೀಕನಿಂದ ಸ್ವಾಧೀನ ಮಾಡಿಕೊಂಡು ಸಂಘಕ್ಕೆ ಕೊಡಬಹುದು. ಮಾಲೀಕನಿಗೆ ಸಿಗೋದು ತಿಂಗಳ ಬಾಡಿಗೆಯ ನೂರು ಪಟ್ಟು.

ಒಂದು ಉದಾಹರಣೆ ತಗೊಳ್ಳಿ. 40 ರೂಮಿನ ಚಾಳು, ರೂಮಿಗೆ 25 ರೂಪಾಯಿ ಬಾಡಿಗೆ. ತಿಂಗಳಿಗೆ ಒಟ್ಟು ಸಾವಿರ ರೂಪಾಯಿ. ನೂರು ಪಟ್ಟು ಅಂದ್ರೆ ಒಂದು ಲಕ್ಷ. ದಕ್ಷಿಣ ಮುಂಬೈಯಲ್ಲಿ ಇಡೀ ಕಟ್ಟಡ, ಕೆಳಗಿನ ಜಮೀನೂ ಸೇರಿ, ಒಂದು ಲಕ್ಷಕ್ಕೆ! ಮೊದಲು ಸರ್ಕಾರವೇ ಬಾಡಿಗೆಯನ್ನ 1940ರಲ್ಲಿ ನಿಲ್ಲಿಸ್ತು, ಆಮೇಲೆ ಅದೇ ಬಾಡಿಗೆಯ ಮೇಲೆ ಕಟ್ಟಡದ ಬೆಲೆ ಕಟ್ಟಿತು. ಮಾಲೀಕರ ಸಿಟ್ಟು ಅರ್ಥ ಆಗದ ವಿಷಯ ಅಲ್ಲ.

ಬಾಡಿಗೆದಾರರ ಮಾತೂ ಸುಳ್ಳಲ್ಲ. ಮೂರು ತಲೆಮಾರು ಅಲ್ಲೇ ಬದುಕಿದ್ದೇವೆ, ಪಗಡಿ ಕೊಟ್ಟಿದ್ದೇವೆ, ಸೂರು ಸೋರಿದಾಗ ನಾವೇ ಕೈಯಿಂದ ಹಾಕಿ ಸರಿ ಮಾಡಿಸಿದ್ದೇವೆ, ಕಟ್ಟಡ ಬಿದ್ದರೆ ಸಾಯೋದೂ ನಾವೇ. ಇದು ಬರೀ ಮಾತಲ್ಲ. 2017ರ ಆಗಸ್ಟ್ 31ರ ಬೆಳಿಗ್ಗೆ ಭೇಂಡಿ ಬಜಾರ್ ಪ್ರದೇಶದ ಹುಸೈನಿ ಕಟ್ಟಡ ಕುಸಿದಾಗ 30ಕ್ಕೂ ಹೆಚ್ಚು ಜನ ಸತ್ತರು.

ಬಸ್ಸು ಎಲ್ಲಿಂದ ಬಂತು?

ಮುಂಬೈನ ಆಸ್ತಿ ಮಾಲೀಕರ ಸಂಘ ಕೋರ್ಟಿಗೆ ಹೋಯಿತು. 1991ರಲ್ಲಿ ಬಾಂಬೆ ಹೈಕೋರ್ಟ್ ಸರ್ಕಾರದ ಪರ ತೀರ್ಪು ಕೊಟ್ಟಿತು. 1992ರಲ್ಲಿ ಮೇಲ್ಮನವಿ ದೆಹಲಿಗೆ ಬಂತು.

ಸರ್ಕಾರದ ಗುರಾಣಿ ಸಂವಿಧಾನದ 39(ಬಿ) ವಿಧಿ. ಸಮುದಾಯದ ಭೌತಿಕ ಸಂಪನ್ಮೂಲಗಳ ಒಡೆತನ ಎಲ್ಲರ ಹಿತಕ್ಕೆ ಆಗುವಂತೆ ಹಂಚಿಕೆ ಆಗಬೇಕು ಅಂತ ಅದು ಸರ್ಕಾರಕ್ಕೆ ಹೇಳುತ್ತೆ. ಜೊತೆಗೆ 31ಸಿ ವಿಧಿ ಇದೆ. ಈ ಗುರಿಗಾಗಿ ಮಾಡಿದ ಕಾನೂನನ್ನ ಸಮಾನತೆಯ ಹಕ್ಕಿನ ಹೆಸರಲ್ಲಿ ಹೊಡೆದು ಹಾಕೋಕೆ ಆಗಲ್ಲ ಅನ್ನೋದು ಅದರ ತಾತ್ಪರ್ಯ. ಹಾಗಾಗಿ ಇಡೀ ಕೇಸು ಒಂದೇ ಪ್ರಶ್ನೆಗೆ ಬಂದು ನಿಂತಿತು. ಒಬ್ಬ ಖಾಸಗಿ ವ್ಯಕ್ತಿಯ ಕಟ್ಟಡ 'ಸಮುದಾಯದ ಸಂಪನ್ಮೂಲ' ಆಗುತ್ತಾ?

ಇಲ್ಲಿ ಬರುತ್ತೆ ನಮ್ಮ ಬಸ್ಸು. 1976ರಲ್ಲಿ ದೇವರಾಜ ಅರಸು ಸರ್ಕಾರ ಖಾಸಗಿ ಕಾಂಟ್ರ್ಯಾಕ್ಟ್ ಕ್ಯಾರೇಜ್ ಬಸ್ಸುಗಳನ್ನ ವಶಪಡಿಸಿಕೊಳ್ಳುವ ಕಾನೂನು ಮಾಡಿತು. ಬಸ್ ಮಾಲೀಕರು ಹೈಕೋರ್ಟಿನಲ್ಲಿ ಗೆದ್ದರು, 1977ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಕರ್ನಾಟಕ ಸರ್ಕಾರ ವರ್ಸಸ್ ರಂಗನಾಥ ರೆಡ್ಡಿ ಅಂತ ಆ ಕೇಸಿನ ಹೆಸರು. ಏಳು ನ್ಯಾಯಮೂರ್ತಿಗಳೂ ಕಾನೂನು ಸರಿ ಅಂದರು. ಆದರೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಮತ್ತು ಅವರ ಜೊತೆಗಿದ್ದ ಇಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಖಾಸಗಿ ಆಸ್ತಿಯೂ ಸಮುದಾಯದ ಸಂಪನ್ಮೂಲದ ಒಳಗೇ ಬರುತ್ತೆ ಅಂತ ಬರೆದರು. ಉಳಿದ ನಾಲ್ವರು, ಆ ಮಾತಿಗೆ ನಮ್ಮ ಒಪ್ಪಿಗೆ ಇದೆ ಅಂತ ತಿಳಿಯಬೇಡಿ ಅಂದರು. ಆ ನಾಲ್ವರಲ್ಲಿ ಒಬ್ಬರು ವೈ.ವಿ. ಚಂದ್ರಚೂಡ್.

ಹೀಗೆ ಅಲ್ಪಮತದಲ್ಲಿದ್ದ ಆ ಅಭಿಪ್ರಾಯವನ್ನೇ 1982ರಲ್ಲಿ ಐವರ ಪೀಠ ಸಂಜೀವ್ ಕೋಕ್ ಅನ್ನೋ ಕಲ್ಲಿದ್ದಲಿನ ಕೇಸಿನಲ್ಲಿ ಎತ್ತಿಕೊಂಡಿತು. ಅಲ್ಲಿಂದ ಅದು ಕಾನೂನಿನ ಹಾಗೇ ನಡೆಯಿತು. ಮುಂಬೈ ಚಾಳಿನ ಕೇಸು ಬಂದಾಗ ಕೋರ್ಟಿಗೆ ಸಂಶಯ ಬಂತು. 1996ರಲ್ಲಿ ಮೂವರು ಐವರಿಗೆ ಕಳಿಸಿದರು. 2001ರಲ್ಲಿ ಐವರು ಏಳು ಜನಕ್ಕೆ ಕಳಿಸಿದರು. 2002ರಲ್ಲಿ ಏಳು ಜನ ಒಂಬತ್ತು ಜನಕ್ಕೆ ಕಳಿಸಿದರು. ಆಮೇಲೆ 22 ವರ್ಷ ಕಡತ ಕೂತಲ್ಲೇ ಕೂತಿತ್ತು.

ಇನ್ನು ಮಠದ ವಿಷಯ. 31ಸಿ ವಿಧಿ ಎಷ್ಟು ಉಳಿಯುತ್ತೆ ಅಂತ ತೀರ್ಮಾನ ಆಗಿದ್ದು 1973ರ ಕೇಶವಾನಂದ ಭಾರತಿ ಕೇಸಿನಲ್ಲಿ. ಸ್ವಾಮೀಜಿ ಕಾಸರಗೋಡಿನ ಎಡನೀರು ಮಠದವರು. ಅವರು ಪ್ರಶ್ನೆ ಮಾಡಿದ್ದು ಕೇರಳದ ಭೂಸುಧಾರಣೆ ಕಾನೂನನ್ನ. ಗೇಣಿದಾರರನ್ನ ಜಮೀನಿನ ಒಡೆಯರನ್ನಾಗಿ ಮಾಡಿದ್ದೂ ಅದೇ ಕಾನೂನು. ಸಂವಿಧಾನದ ಮೂಲ ಸ್ವರೂಪ ಬದಲಿಸುವಂತಿಲ್ಲ ಅನ್ನೋ ದೊಡ್ಡ ತತ್ವ ಹುಟ್ಟಿದ ಈ ಕೇಸಿನ ಬುಡದಲ್ಲೂ ಇರೋದು ಇದೇ ಒಡೆಯ–ಒಕ್ಕಲು ಪ್ರಶ್ನೆ.

ನಮ್ಮ ಮನೆಯ ಎರಡು ಕಡೆ

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಯಾಕಂದ್ರೆ ಈ ಕಥೆಯಲ್ಲಿ ನಾನು ಯಾವ ಕಡೆ ಅಂತ ನನಗೇ ಸರಿಯಾಗಿ ಗೊತ್ತಿಲ್ಲ.

1974ರಲ್ಲಿ ಕರ್ನಾಟಕದಲ್ಲಿ ಭೂಸುಧಾರಣೆ ಜೋರಾಗಿ ಜಾರಿಗೆ ಬಂತು. ಆ ವರ್ಷ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರದ್ದಾಯಿತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿ ಮುಂದೆ ಸಾಬೀತು ಮಾಡಿ, ಜಮೀನನ್ನ ತಮ್ಮ ಹೆಸರಿಗೆ ಮಾಡಿಸಿಕೊಂಡರು. ಉಳುವವನೇ ಹೊಲದೊಡೆಯ. ನಮ್ಮ ಅಮ್ಮನ ತವರಿನಲ್ಲಿ ಗೇಣಿಗೆ ಕೊಟ್ಟ ಗದ್ದೆ ಇತ್ತು. ಹೋಯಿತು. ಅಜ್ಜಿ ಸಾಯೋವರೆಗೂ ಆ ಗದ್ದೆಯ ದಾರಿಯಲ್ಲಿ ನಡೀತಿರಲಿಲ್ಲ, ಸುತ್ತುಬಳಸಿ ದೇವಸ್ಥಾನಕ್ಕೆ ಹೋಗ್ತಿದ್ದರು. "ನಮ್ಮ ಬಾಯಿಗೆ ಮಣ್ಣು ಹಾಕಿದ್ರು" ಅನ್ನೋರು. ಅದೇ ಗದ್ದೆ ಪಡೆದ ಮನೆಯ ಮಗಳು ನನ್ನ ಜೊತೆ ಶಾಲೆಗೆ ಬಂದಳು, ಈಗ ನರ್ಸ್ ಆಗಿದ್ದಾಳೆ. ಅವಳ ಅಜ್ಜಿ ನಮ್ಮ ಅಜ್ಜಿಯ ಅಂಗಳದಲ್ಲಿ ಗೇಣಿ ಅಕ್ಕಿಯ ಮುಡಿ ಇಳಿಸಿ ನಿಂತೇ ಇರ್ತಿದ್ದವರು.

ಅತ್ತ ಮುಂಬೈಯಲ್ಲಿ ದೊಡ್ಡಪ್ಪ. ಅವರ ಚಾಳಿನಲ್ಲೂ ಸಂಘ ಮಾಡೋ ಮಾತು ಬಂತು. ಕೆಲವರು ಬೇಡ ಅಂದರು, ಕೆಲವರು ಕೋರ್ಟ್ ತೀರ್ಪು ಬರಲಿ ಅಂದರು. ಶೇ. 70 ಸೇರಲೇ ಇಲ್ಲ. "ಊರಲ್ಲಿ ಉಳುವವನಿಗೆ ಹೊಲ ಕೊಟ್ರು, ಇಲ್ಲಿ ಇರುವವನಿಗೆ ಮನೆ ಯಾಕೆ ಕೊಡಲ್ಲ?" ಅಂತ ಅವರು ಕೇಳ್ತಿದ್ದರು. ಅಮ್ಮ ಎದುರಿಗೆ ಇದ್ದಾಗ ಮಾತ್ರ ಕೇಳ್ತಿರಲಿಲ್ಲ.

ಅವರ ಪ್ರಶ್ನೆಗೆ ಒಂದು ಉತ್ತರ ಬೇರೆ ದೇಶದಲ್ಲಿದೆ. ಬ್ರಿಟನ್ನಿನಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ 1980ರಲ್ಲಿ ಸ್ಥಳೀಯ ಸಂಸ್ಥೆಗಳ ಬಾಡಿಗೆ ಮನೆಯಲ್ಲಿದ್ದವರಿಗೆ ಆ ಮನೆ ಕೊಳ್ಳುವ ಹಕ್ಕು ಕೊಟ್ಟಿತು. ಮೂರು ವರ್ಷ ಇದ್ದವರಿಗೆ ಮಾರುಕಟ್ಟೆ ಬೆಲೆಯಲ್ಲಿ ಶೇ. 33 ರಿಯಾಯಿತಿ, ಹೆಚ್ಚು ವರ್ಷ ಇದ್ದರೆ ಶೇ. 50ರವರೆಗೆ. ಲಕ್ಷಾಂತರ ಕುಟುಂಬಗಳು ಮನೆ ಕೊಂಡವು. ಆದರೆ ಮಾರಿದಷ್ಟು ಹೊಸ ಮನೆಗಳನ್ನ ಕಟ್ಟಲಿಲ್ಲ. ಮುಂದಿನ ಪೀಳಿಗೆಯ ಬಡವರಿಗೆ ಕಡಿಮೆ ಬಾಡಿಗೆಯ ಮನೆ ಸಿಗೋದು ಕಷ್ಟ ಆಯಿತು. ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಈ ಹಕ್ಕನ್ನ ನಿಲ್ಲಿಸಿದವು. ಅಲ್ಲಿ ಮಾಲೀಕ ಸರ್ಕಾರವೇ. ಮುಂಬೈಯಲ್ಲಿ ಮಾಲೀಕ ಇನ್ನೊಬ್ಬ ಮನುಷ್ಯ. ವ್ಯತ್ಯಾಸ ಇರೋದು ಅಲ್ಲೇ. ರಿಯಾಯಿತಿಯ ಹೊರೆ ಅಲ್ಲಿ ಬೊಕ್ಕಸದ ಮೇಲೆ ಬಿತ್ತು, ಇಲ್ಲಿ ಒಂದು ಮನೆತನದ ಮೇಲೆ ಬೀಳುತ್ತೆ.

2024ರ ಉತ್ತರ

2024ರ ಏಪ್ರಿಲ್‌ನಲ್ಲಿ ಕಡೆಗೂ ಒಂಬತ್ತು ನ್ಯಾಯಮೂರ್ತಿಗಳು ವಾದ ಕೇಳಿದರು. ನವೆಂಬರ್ 5ರಂದು ತೀರ್ಪು ಬಂತು. ಏಳು ಜನರ ಪರವಾಗಿ ಬರೆದವರು ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. ಹೌದು, 1977ರಲ್ಲಿ ಆ ಮಾತು ನಮ್ಮದಲ್ಲ ಅಂದ ವೈ.ವಿ. ಚಂದ್ರಚೂಡ್ ಅವರ ಮಗ. ಎಲ್ಲ ಖಾಸಗಿ ಆಸ್ತಿಯೂ ಸಮುದಾಯದ ಸಂಪನ್ಮೂಲ ಆಗಲ್ಲ ಅಂತ ಬಹುಮತ ಹೇಳಿತು. ಆದರೆ ಯಾವುದೂ ಆಗಲ್ಲ ಅಂತಲೂ ಹೇಳಲಿಲ್ಲ. ಆ ಆಸ್ತಿ ಎಂಥದ್ದು, ಎಷ್ಟು ವಿರಳ, ಸಮುದಾಯದ ಮೇಲೆ ಅದರ ಪರಿಣಾಮ ಏನು, ಕೆಲವೇ ಕೈಗಳಲ್ಲಿ ಸೇರಿಕೊಂಡರೆ ಏನಾಗುತ್ತೆ, ಇವನ್ನೆಲ್ಲ ನೋಡಬೇಕು. ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಭಾಗಶಃ ಒಪ್ಪಿ ಪ್ರತ್ಯೇಕ ತೀರ್ಪು ಬರೆದರು. ಕೃಷ್ಣ ಅಯ್ಯರ್ ಅವರ ಬಗ್ಗೆ ಮಾಡಿದ ಟೀಕೆಗೆ ಆಕ್ಷೇಪವನ್ನೂ ಎತ್ತಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರದು ಭಿನ್ನಮತ.

ಗಮನಿಸಿ, ಒಂಬತ್ತು ಜನರ ಮುಂದೆ ಇದ್ದಿದ್ದು ಸಂವಿಧಾನದ ಪ್ರಶ್ನೆ. ನೂರು ತಿಂಗಳ ಬಾಡಿಗೆಯ ಆ 8-ಎ ಅಧ್ಯಾಯ ಉಳಿಯಬೇಕಾ ಬೇಡವಾ ಅನ್ನೋದನ್ನ ಅವರು ಅಲ್ಲಿ ತೀರ್ಮಾನಿಸಲಿಲ್ಲ. ಅದಕ್ಕೆ ಬೇರೆ ಪೀಠ.

ಅಷ್ಟರಲ್ಲಿ ಮುಂಬೈ ಬೇರೆ ದಾರಿ ಹಿಡಿದಿದೆ. ಬಿಲ್ಡರ್ ಬಂದು ಹಳೇ ಚಾಳು ಕೆಡವಿ ಗೋಪುರ ಕಟ್ಟುತ್ತಾನೆ, ಹಳಬರಿಗೆ ಅದರಲ್ಲಿ ಸ್ವಂತ ಮನೆ, ಉಳಿದದ್ದು ಮಾರಾಟಕ್ಕೆ. 2022ರಲ್ಲಿ ಜಾರಿಗೆ ಬಂದ ತಿದ್ದುಪಡಿ ಪ್ರಕಾರ ಅಪಾಯಕಾರಿ ಅಂತ ಘೋಷಿಸಿದ ಕಟ್ಟಡವನ್ನ ಮತ್ತೆ ಕಟ್ಟೋಕೆ ಮುಂದಾಗಲು ಮಾಲೀಕನಿಗೆ ಆರು ತಿಂಗಳು ಅವಕಾಶ. ಅವನು ಮುಂದೆ ಬರದಿದ್ದರೆ ಬಾಡಿಗೆದಾರರ ಸಂಘಕ್ಕೆ ಆರು ತಿಂಗಳು. ಅವರೂ ಬರದಿದ್ದರೆ ಮ್ಹಾಡಾ. ಇಲ್ಲಿ ಮಾಲೀಕನ ಪರಿಹಾರಕ್ಕೆ ಹಳೇ ಬಾಡಿಗೆಯ ಲೆಕ್ಕ ಇಲ್ಲ. ಜಮೀನಿನ ಸರ್ಕಾರಿ ದರದ ಒಂದು ಭಾಗ, ಅಥವಾ ಹೊಸ ಕಟ್ಟಡದಲ್ಲಿ ಮಾರಾಟಕ್ಕಿರುವ ಜಾಗದ ಒಂದು ಪಾಲು.

ನನಗೆ ಅನಿಸೋದು ಇಷ್ಟು. ಇರುವವನಿಗೆ ಮನೆ ಕೊಳ್ಳುವ ಹಕ್ಕು ಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ಹುಸೈನಿ ಕಟ್ಟಡದ ಚಿತ್ರ ನೋಡಿದ ಮೇಲೆ ಬೇರೆ ಥರ ಹೇಳೋಕೆ ಮನಸ್ಸು ಬರಲ್ಲ. ಆದರೆ ಬೆಲೆ ಕಟ್ಟುವಾಗ ಅಜ್ಜಿಯ ಮುಖವೂ ಕಣ್ಣ ಮುಂದೆ ಬರುತ್ತೆ. 1986ರ ಕಾನೂನು ಎಡವಿದ್ದು ಹಕ್ಕು ಕೊಟ್ಟಿದ್ದರಲ್ಲಿ ಅಲ್ಲ, ನೂರು ಅನ್ನೋ ಆ ಸಂಖ್ಯೆಯಲ್ಲಿ. ಸಂಖ್ಯೆ ಸ್ವಲ್ಪ ನ್ಯಾಯವಾಗಿದ್ದಿದ್ದರೆ ಮಾಲೀಕರು ಕೋರ್ಟಿಗೆ ಹೋಗ್ತಿರಲಿಲ್ಲ ಅಂತ ಅಲ್ಲ. ಹೋದಾಗ ಅವರ ಮಾತಿಗೆ ಇಷ್ಟು ಬಲ ಇರ್ತಿರಲಿಲ್ಲ.

ದೊಡ್ಡಪ್ಪ ಈಗಿಲ್ಲ. ರೂಮಿನಲ್ಲಿ ಅಣ್ಣ ಇದ್ದಾನೆ. ಹೋದ ವರ್ಷ ಹೋದಾಗ ಮೊಗಸಾಲೆಗೆ ಕಬ್ಬಿಣದ ಊರೆ ಕೊಟ್ಟಿದ್ದರು. ಬಿಸ್ಕೀಟಿನ ಡಬ್ಬಿ ಅಲ್ಲೇ ಇದೆ. ಬಿಲ್ಡರ್ ಬಂದರೆ ನಾವು ಹಳೇ ಬಾಡಿಗೆದಾರರು ಅಂತ ತೋರಿಸೋಕೆ ಅದೇ ಆಧಾರ, ಅದಕ್ಕೇ ಒಂದೂ ರಸೀದಿ ಬಿಸಾಡಿಲ್ಲ ಅಂದ.

ಈ ವಾರ ನಿಮಗೊಂದು ಕೆಲಸ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಕೇಳಿ, 1974ರಲ್ಲಿ ನಮ್ಮದು ಜಮೀನು ಬಂದ ಮನೆಯಾ, ಹೋದ ಮನೆಯಾ ಅಂತ. ಕೇಳಿದ ಮೇಲೆ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳಿ. ಮುಂದಿನ ಕಂತಿನಲ್ಲಿ ಸಿಗೋಣ. ನಮಸ್ಕಾರ.